ನನ್ನ ಡ್ರೈವರ್, ಅವಳ ಕೆರಿಯರ್

"ಈ ಮನೆಗೆ ಹೊಸ ಕಂಪ್ಯೂಟರ್ ಬರೋದಿಲ್ಲ! ಬಂದ್ರೆ ನನ್ನ ಹೆಸರು ಅಶ್ವತ್ಥನೇ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಯಾವ ಮಹಾಸಭೆಯ ವೇದಿಕೆಯ ಮೇಲೂ ಅಲ್ಲ. ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ, ನಮ್ಮ ಪುಟ್ಟ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮುಂದೆ, ಕೈಯಲ್ಲಿ ಸಾರಿನ ಸೌಟು ಹಿಡಿದು. ಸೌಟು ಬೀಸಿದ ರಭಸಕ್ಕೆ ಎರಡು ತೊಟ್ಟು ಸಾರು ಮಗಳು ಅಮೂಲ್ಯಳ ಹೋಮ್‌ವರ್ಕಿನ ಮೇಲೆ ಬಿತ್ತು. ಅವಳು "ಅಪ್ಪಾ, ಯಾಮೆತೇ!" ಎಂದು ಕಿರುಚಿದಳು. ಸಾಕು ನಿಲ್ಲಿಸು ಎಂದರ್ಥ. ಆ ಮಗುವಿನ ಮಾತನ್ನು ಆಗಲೇ ಕೇಳಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ.

ನನ್ನ ಹೆಂಡತಿ ವೇದವಲ್ಲಿ ಮಾತ್ರ ಅನ್ನ ಕಲಸುತ್ತಲೇ ಇದ್ದಳು. "ನಿಮ್ಮ ಹೆಸರನ್ನ ಇಲ್ಲಿ ಯಾರೂ ಸರಿಯಾಗಿ ಹೇಳೋದೇ ಇಲ್ವಲ್ರೀ. ಆಫೀಸಲ್ಲಿ ಅಶುವಾತ್ತಾ ಸಾನ್ ಅಂತಾರೆ. ನಿಮ್ಮ ಪ್ರತಿಜ್ಞೆ ಮುರಿದ್ರೂ ಯಾರಿಗೂ ಗೊತ್ತಾಗಲ್ಲ ಬಿಡಿ," ಎಂದಳು.

ಸಂಗತಿ ಏನೆಂದರೆ, ವೇದಾ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು. ನನ್ನ ಕಂಪನಿ ನನ್ನನ್ನು ಜಪಾನಿಗೆ ಕಳಿಸಿತು. ಅವಳು ಕೆಲಸ ಬಿಟ್ಟು ನನ್ನ ಜೊತೆ ಬಂದಳು. ಅಮೂಲ್ಯ ಹುಟ್ಟಿದಳು, ಬೆಳೆದಳು, ಶಾಲೆಗೂ ಹೊರಟಳು. ಈ ನಡುವೆ ವೇದಾ ಸಿಟಿ ಹಾಲ್‌ನ ಉಚಿತ ತರಗತಿಗೆ ಹೋಗಿ ಜಪಾನೀಸ್ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ನಮ್ಮ ಬೀದಿಯ ತರಕಾರಿ ಅಂಗಡಿಯ ಅಜ್ಜಿ ತನ್ನ ಸೊಸೆಯ ಮೇಲಿನ ಚಾಡಿಯನ್ನೆಲ್ಲ ಇವಳ ಹತ್ತಿರವೇ ಹೇಳುವುದು! ನನ್ನ ಜಪಾನೀಸೋ? ಕ್ಷಮೆಗೊಂದು ಸುಮಿಮಾಸೆನ್, ಧನ್ಯವಾದಕ್ಕೊಂದು ಅರಿಗಾತೋ, ಮಿಕ್ಕಿದ್ದೆಲ್ಲ ಕೈಸನ್ನೆ.

ಇಷ್ಟಾದರೂ ಇವಳು ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಒಂದೇ ತಕರಾರು. ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ? ಇಷ್ಟು ದೊಡ್ಡ ಗ್ಯಾಪ್ ಯಾಕೆ? "ಮನೆಯಲ್ಲಿದ್ದೆ" ಎಂದ ಕೂಡಲೇ ಬಹಳ ಮರ್ಯಾದೆಯಿಂದ ತಲೆ ಬಾಗಿಸಿ ಬಾಗಿಲು ತೋರಿಸುತ್ತಿದ್ದರು. ಈ ದೇಶದಲ್ಲಿ ಇಲ್ಲ ಎನ್ನುವುದನ್ನೂ ನಮಸ್ಕಾರ ಮಾಡಿಯೇ ಹೇಳುತ್ತಾರೆ. ಹಾಗೆ ನಮಸ್ಕಾರ ಮಾಡಿಸಿಕೊಂಡು ಬಂದ ದಿನ ಅವಳು ಸುಮ್ಮನೆ ಬಟ್ಟೆ ಮಡಿಸುತ್ತಾ ಕೂರುತ್ತಿದ್ದಳು. ಅವಳ ಗ್ಯಾಪಿಗೆ ಕಾರಣ ನಾನೇ ತಾನೆ!

ಕೊನೆಗೂ ಟೋಕಿಯೋದ ಮಿನಾಟೋ ಬಡಾವಣೆಯ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಹೆಲ್ಪ್ ಡೆಸ್ಕ್ ಕೆಲಸ: ಕಂಪ್ಯೂಟರ್ ಕೆಟ್ಟಿತೆಂದು ಫೋನ್ ಮಾಡಿ ಗೋಳಾಡುವ ಗ್ರಾಹಕರನ್ನು ಸಮಾಧಾನಪಡಿಸಿ ಸರಿಮಾಡಿಸುವುದು. ಸೋಮವಾರ ಬೆಳಿಗ್ಗೆ, ಆನ್‌ಲೈನ್ ಇಂಟರ್‌ವ್ಯೂ. ಟೈಪಿಂಗ್ ಪರೀಕ್ಷೆಯೂ ಇದ್ದದ್ದರಿಂದ ಕಂಪ್ಯೂಟರಿನಲ್ಲೇ ಬರಬೇಕು, ಫೋನು ನಡೆಯುವುದಿಲ್ಲ. ಅದೇ ವಾರ ಅವಳ ಲ್ಯಾಪ್‌ಟಾಪ್ ಶಾಶ್ವತವಾಗಿ ಕಣ್ಣು ಮುಚ್ಚಿತು. ನನ್ನ ಆಫೀಸ್ ಲ್ಯಾಪ್‌ಟಾಪನ್ನು ಮನೆಯವರು ಮುಟ್ಟಿದರೆ ನನ್ನ ಕೆಲಸಕ್ಕೇ ಸಂಚಕಾರ.

"ಒಂದು ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ರೀ. ಇಲ್ಲಾಂದ್ರೆ ಮೇಲಿನ್ ಮನೆ ಅನು ಹತ್ರ ಒಂದಿನಕ್ಕೆ ಕೇಳ್ತೀನಿ," ಎಂದಳು ವೇದಾ.

ಮೇಲಿನ ಮನೆಯಿಂದ ಸಾಲ! ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 'ಲಿನಕ್ಸ್ ಅಶ್ವತ್ಥ' ಎಂದೇ ಖ್ಯಾತನಾಗಿದ್ದವನ ಹೆಂಡತಿ ಲ್ಯಾಪ್‌ಟಾಪ್ ಸಾಲ ಕೇಳುವುದೆ! ಲ್ಯಾಬಿನ ಮುದಿ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿ ಜೀವ ಕೊಟ್ಟವನು ನಾನು. ಲಿನಕ್ಸ್ ಎಂದರೆ ಪುಕ್ಕಟೆ ಸಿಗುವ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ. ಆ ಹಳೆಯ ರಕ್ತ ಕುದಿಯಿತು. ಸೌಟು ಎತ್ತಿ ಘೋಷಿಸಿದ್ದು ಆಗಲೇ.

"ನಮ್ಮ ಹತ್ರ ಮೋರಿತಾ ಸಾನ್ ಕೊಟ್ಟ ಕಂಪ್ಯೂಟರ್ ಇದೆಯಲ್ಲ! ಅದಕ್ಕೆ ಲಿನಕ್ಸ್ ಹಾಕ್ತೀನಿ, ರಾಕೆಟ್ ಥರ ಓಡತ್ತೆ ನೋಡು!"

"ಅದಾ? ಅದು ಓಡೋದಲ್ಲ, ಓಡಿಸಿದ್ದು ರೀ. ಅವರ ಮನೆಯಿಂದ."

ಮೋರಿತಾ ಸಾನ್ ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದವರು; ನೊಣವನ್ನೂ ಕ್ಷಮೆ ಕೇಳಿ ಓಡಿಸುವಂಥ ಸಜ್ಜನ. ತಮ್ಮ ಹಳೆಯ ಡೆಸ್ಕ್‌ಟಾಪನ್ನು ಕಾರಿನಲ್ಲಿ ತಂದು ನಮ್ಮ ಬಾಗಿಲಿಗೇ ಇಳಿಸಿ, ಮೇಲೊಂದು ಡಬ್ಬಿ ಸಿಹಿಯನ್ನೂ ಕೊಟ್ಟು, ನಡು ಮುರಿಯುವಷ್ಟು ಬಾಗಿ ಬಾಗಿ ವಂದಿಸಿದ್ದರು. ಜಪಾನಿನಲ್ಲಿ ಹಳೆಯ ಕಂಪ್ಯೂಟರನ್ನು ಸುಮ್ಮನೆ ಕಸಕ್ಕೆ ಎಸೆಯುವಂತಿಲ್ಲ. ಎಸೆಯುವುದು ಕೊಳ್ಳುವುದಕ್ಕಿಂತ ದೊಡ್ಡ ತಾಪತ್ರಯ. ಅದು ಆಗ ನನಗೆ ಹೊಳೆಯಲಿಲ್ಲ. ಎಂಥ ಸಂಸ್ಕಾರವಂತ ಜನ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕಂಪ್ಯೂಟರಿನ ಮುಂದೆ ಕುಳಿತೆ. ಹಳೆಯ ವಿಂಡೋಸನ್ನು ಅಳಿಸಿ ಲಿನಕ್ಸ್ ಹಾಕಿದೆ. ಉಪ್ಪಿಟ್ಟು ತಟ್ಟೆಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು! ಪರದೆ ಫಳಫಳ ಹೊಳೆಯಿತು.

"ವೇದಾ! ಬಾ ಇಲ್ಲಿ! ನೋಡು ನಿನ್ನ ಗಂಡನ ಕೈಚಳಕ!"

ವೇದಾ ಬಂದು ನೋಡಿದಳು. "ಚೆನ್ನಾಗಿದೆ ರೀ. ಇಂಟರ್ನೆಟ್ ಬರತ್ತಾ?"

ಇದೇ ನೋಡಿ ಹೆಂಗಸರ ಸ್ವಭಾವ. ತಾಜ್‌ಮಹಲ್ ಕಟ್ಟಿ ತೋರಿಸಿದರೂ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳುತ್ತಾರೆ. ಇಂಟರ್ನೆಟ್ ಬರಲಿಲ್ಲ.

ಯಾಕೆ ಬರಲಿಲ್ಲ? ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದ ನೆಟ್‌ವರ್ಕ್ ಕಾರ್ಡ್ ಓಬೀರಾಯನ ಕಾಲದ್ದು. ಕಾರ್ಡು ಕೆಲಸ ಮಾಡಲು ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು. ಅಷ್ಟು ಹಳೆಯ ಕಾರ್ಡನ್ನು ಈಗ ಯಾರೂ ಬಳಸುವುದಿಲ್ಲವೆಂದು ಹೊಸ ಲಿನಕ್ಸಿನಿಂದ ಅದರ ಡ್ರೈವರನ್ನೇ ತೆಗೆದುಹಾಕಿದ್ದರು. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ನಾನು ತೊಡೆ ತಟ್ಟಿದೆ!

"ಅಪ್ಪಾ, ಡ್ರೈವರ್ ಅಂದ್ರೆ ಟ್ಯಾಕ್ಸಿ ಡ್ರೈವರ್?" ಎಂದಳು ಅಮೂಲ್ಯ.

"ಅಲ್ಲ ಪುಟ್ಟಿ. ಇದು ಇಂಟರ್ನೆಟ್ ಓಡಿಸೋ ಡ್ರೈವರ್. ಅಪ್ಪ ಅದನ್ನ ಸ್ವಂತ ಕೈಯಾರೆ ತಯಾರು ಮಾಡ್ತಾರೆ!"

"ಸ್ಲೋ ಡ್ರೈವರ್," ಎಂದು ಅವಳು ಟ್ಯಾಬ್ಲೆಟ್ ಹಿಡಿದು ಸೋಫಾ ಸೇರಿದಳು.

ಹಳೆಯ ಡ್ರೈವರಿನ ಮೂಲ ಪ್ರತಿ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಫೋನಿನಲ್ಲಿ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿ ಕಂಪ್ಯೂಟರಿಗೆ ದಾಟಿಸಿದೆ. ಅದನ್ನು ಸಿದ್ಧಪಡಿಸಲು ಇನ್ನೊಂದು ಫೈಲ್ ಬೇಕೆಂದಿತು. ಅದನ್ನು ತಂದೆ. ಅದಕ್ಕೆ ಮತ್ತೊಂದು ಬೇಕಂತೆ! ನಮ್ಮೂರಿನಲ್ಲಿ ಗ್ಯಾಸ್ ಕನೆಕ್ಷನ್ನಿಗೆ ರೇಷನ್ ಕಾರ್ಡು ಕೇಳಿ, ರೇಷನ್ ಕಾರ್ಡಿಗೆ ಗ್ಯಾಸ್ ಬಿಲ್ಲು ಕೇಳುವ ಹಾಗೆ. ಫೋನಿನಿಂದ ಪೆನ್ ಡ್ರೈವ್, ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಂದು ಆ ಶನಿವಾರವಿಡೀ ಕುರ್ಚಿಗೂ ಸೋಫಾಕ್ಕೂ ಓಡಾಡಿದೆ. ಫೈಲಿನೊಳಗೆ ಕೈಹಾಕಿ ಸಾಲು ಸಾಲಾಗಿ ತಿದ್ದಿದೆ. ಆಫೀಸಿನಲ್ಲಿ ಈಗ ನನ್ನ ಕೆಲಸವೆಲ್ಲ ಪಿಪಿಟಿ ಮಾಡುವುದು, ಮೀಟಿಂಗಿನಲ್ಲಿ ತಲೆ ಆಡಿಸುವುದು. ಹೀಗೆ ಕೈ ಕೆಸರು ಮಾಡಿಕೊಂಡು ಎಷ್ಟು ವರ್ಷವಾಗಿತ್ತೋ! ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೋ ಖುಷಿ.

ಸಂಜೆಯ ಹೊತ್ತಿಗೆ ಡ್ರೈವರ್ ಏರಿತು! ಒಂದು ತಪ್ಪಿಲ್ಲ, ಒಂದು ಬೈಗುಳವಿಲ್ಲ. ಸತ್ತುಹೋಗಿದೆಯೆಂದು ಜಗತ್ತೇ ಕೈಬಿಟ್ಟ ಕಾರ್ಡು ಎದ್ದು ಕುಳಿತಿತ್ತು. ದಯವಿಟ್ಟು ಗಮನಿಸಿ: ಇದು ನಿಜ. ಮುಂದೆ ನನ್ನ ಬಗ್ಗೆ ಏನೇನು ಕೇಳಿದರೂ, ಡ್ರೈವರ್ ಹಾಕಿದವನು ನಾನೇ!

ಇನ್ನುಳಿದದ್ದು ಕೇಬಲ್ ಚುಚ್ಚುವುದೊಂದೇ. ಅದೇನು ಮಹಾ! ಮೇಜಿನ ಕೆಳಗೆ ನುಗ್ಗಿದೆ. ಅಲ್ಲಿ ಕತ್ತಲು. ರೂಟರ್, ಟಿವಿ, ಹೀಟರ್ ಎಲ್ಲದರ ಬಿಳಿ ವೈರುಗಳು ಶಾವಿಗೆಯ ಹಾಗೆ ಹೆಣೆದುಕೊಂಡಿದ್ದವು. ಒಂದು ಕೇಬಲ್ ಹಿಡಿದು ಈ ತುದಿ ಇಲ್ಲಿ, ಆ ತುದಿ ಅಲ್ಲಿ ಎಂದು ಚಕಚಕನೆ ಚುಚ್ಚಿ, ತಲೆಯನ್ನು ಮೇಜಿಗೆ ಒಮ್ಮೆ ಕುಟ್ಟಿಕೊಂಡು ಹೊರಬಂದೆ.

ಪರದೆಯ ಮೇಲೆ ಎರಡೇ ಪದ ಇಂಗ್ಲಿಷಿನಲ್ಲಿ ಮೂಡಿದವು: ನೋ ಕ್ಯಾರಿಯರ್.

ವೇದಾ ನನ್ನ ಭುಜದ ಹಿಂದಿನಿಂದ ಓದಿದಳು. "ಕ್ಯಾರಿಯರ್ ಇಲ್ಲ ಅಂತಿದೆಯಲ್ರೀ. ಯಾಕೆ, ಊಟ ಕಟ್ಕೊಂಡ್ ಬಂದಿಲ್ವಾ ನಿಮ್ ಡ್ರೈವರ್ರು?"

"ಅದು ಊಟದ ಕ್ಯಾರಿಯರ್ ಅಲ್ಲ ಕಣೇ! ವೈರಿನಲ್ಲಿ ಸಿಗ್ನಲ್ ಇಲ್ಲ ಅಂತ ಅರ್ಥ."

"ಹಾಗಾದ್ರೆ ವೈರ್ ನೋಡಿ."

"ವೈರ್ ನಾನೇ ಹಾಕಿದ್ದು! ಹಳೇ ಡ್ರೈವರ್‌ಗಳು ಹೀಗೆ ಸುಳ್ಳು ಹೇಳ್ತವೆ. ಇದೆಲ್ಲ ನಿನಗೆ ಅರ್ಥ ಆಗಲ್ಲ."

ಈ ಮಾತು ಮುಗಿಯುವಷ್ಟರಲ್ಲಿ ಸೋಫಾದಿಂದ ಆರ್ತನಾದ ಕೇಳಿತು. "ಅಪ್ಪಾ! ವೈಫೈ ಇಸ್ ಡೆಡ್!"

ನನ್ನ ಫೋನ್ ನೋಡಿದೆ. ವೈಫೈ ಇಲ್ಲ! ಬೆಳಗಿನಿಂದ ಚೆನ್ನಾಗಿದ್ದ ಇಂಟರ್ನೆಟ್ ಇಡೀ ಮನೆಯಿಂದಲೇ ಮಾಯ! ನನ್ನ ಬುದ್ಧಿ ಮಿಂಚಿನಂತೆ ಓಡಿತು. ನನ್ನ ಡ್ರೈವರಿನ ಶಕ್ತಿಯನ್ನು ಆ ಬಡಪಾಯಿ ರೂಟರ್ ತಡೆದುಕೊಂಡಿಲ್ಲ! ಅದಕ್ಕೆ ತಲೆ ತಿರುಗಿದೆ. ಔಷಧಿ ಒಂದೇ, ರೀಸೆಟ್. ವೇದಾಳ ಹೇರ್‌ಪಿನ್ ಎಳೆದುಕೊಂಡು ರೂಟರಿನ ಬೆನ್ನ ಮೇಲಿನ ತೂತಿಗೆ ಒತ್ತಿ ಹಿಡಿದೆ.

"ರೀ, ಅದರಲ್ಲಿ ಪ್ರೊವೈಡರ್ ಸೆಟಿಂಗ್ಸ್ ಎಲ್ಲ ಇರತ್ತೆ, ಒತ್ತಬೇಡಿ..."

ಒತ್ತಿಯಾಗಿತ್ತು. ಇಂಟರ್ನೆಟ್ ಕಂಪನಿಯವರು ಬಂದು ತುಂಬಿಸಿಟ್ಟಿದ್ದ ಹೆಸರು, ಗುಪ್ತಪದ ಎಲ್ಲ ಅಳಿಸಿಹೋಯಿತು. ತಲೆ ತಿರುಗಿದ್ದ ರೂಟರಿಗೆ ಈಗ ತಾನು ಯಾರೆಂಬುದೇ ಮರೆತುಹೋಯಿತು.

ವೇದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಹೊಸ ಲ್ಯಾಪ್‌ಟಾಪ್ ತಂದ್ರೂ ಇಂಟರ್ನೆಟ್ ಎಲ್ಲಿದೆ ಈಗ? ನಮ್ಮ ಫೋನಿನ ಡೇಟಾ ಇಂಟರ್‌ವ್ಯೂಗೆ ಸಾಲಲ್ಲ. ಅನು ಮನೆಗೆ ಹೋಗೋಣ ಅಂದ್ರೆ ಅವರೆಲ್ಲ ಫುಕುವೋಕಾಗೆ ಹೋಗಿದಾರೆ," ಎಂದು ನಿಧಾನವಾಗಿ ಹೇಳಿ, ಕೂದಲನ್ನು ಕೈಯಲ್ಲೇ ಗಂಟು ಹಾಕಿಕೊಂಡಳು. "ನಿಮ್ಮ ಕಂಪ್ಯೂಟರಿಗೆ ಕ್ಯಾರಿಯರ್ ಇಲ್ಲ, ನನಗೆ ಕೆರಿಯರ್ ಇಲ್ಲ. ಒಳ್ಳೆ ಜೋಡಿ."

ಅವಳು ಬಟ್ಟೆ ಮಡಿಸಲು ಕುಳಿತಳು.

ಭಾನುವಾರ ಬೆಳಿಗ್ಗೆ ನನಗೆ ಒಂದು ಉಪಾಯ ಹೊಳೆಯಿತು. ಕಂಪ್ಯೂಟರ್ ಮೋರಿತಾ ಸಾನ್ ಅವರದು. ಅದರ ಜೊತೆ ಬಂದಿದ್ದ ಮೂಲ ಡ್ರೈವರಿನ ಸಿ.ಡಿ. ಅವರ ಹತ್ತಿರ ಇದ್ದೇ ಇರುತ್ತದೆ. ಜಪಾನಿನವರು ಯಾವುದನ್ನೂ ಬಿಸಾಡುವುದಿಲ್ಲ; ಬಿಸಾಡುವುದು ಅಷ್ಟು ಕಷ್ಟವಲ್ಲವೇ! ವೇದಾಳನ್ನು ಕೇಳಿದರೆ ಅವಳೇ ಚೆನ್ನಾಗಿ ಮಾತಾಡುತ್ತಿದ್ದಳು. ಆದರೆ ಸ್ವಾಭಿಮಾನ ಎಂಬುದೊಂದು ಇದೆಯಲ್ಲ. ಬಾಲ್ಕನಿಗೆ ಹೋಗಿ ನಾನೇ ಫೋನ್ ಮಾಡಿದೆ.

"ಮೋರಿತಾ ಸಾನ್! ಸುಮಿಮಾಸೆನ್! ಕಂಪ್ಯೂಟಾ... ದೊರೈಬಾ... ಇಲ್ಲ! ನೋ ದೊರೈಬಾ!" ಡ್ರೈವರ್ ಎಂಬುದು ಜಪಾನೀಸಿನಲ್ಲಿ ದೊರೈಬಾ ಆಗುತ್ತದೆಂದು ನನಗೆ ಗೊತ್ತಿತ್ತು. ಅಷ್ಟರಮಟ್ಟಿಗೆ ನಾನೂ ಪಂಡಿತ.

"ಆಆ, ದೊರೈಬಾ!" ಎಂದರು ಮೋರಿತಾ ಸಾನ್ ಸಂಭ್ರಮದಿಂದ. ಅವರಿಗೆ ಅರ್ಥವಾಯಿತು! ನನ್ನ ಜಪಾನೀಸ್ ಅರ್ಥವಾಯಿತು! ಆಮೇಲೆ ಅವರೊಂದು ಪ್ರಶ್ನೆ ಕೇಳಿದರು. "ಪುರಸು ದೆಸು ಕಾ? ಮೈನಸು ದೆಸು ಕಾ?"

ಪ್ಲಸ್ಸೋ ಮೈನಸ್ಸೋ? ಡ್ರೈವರಿನಲ್ಲಿ ಪ್ಲಸ್ ವರ್ಷನ್ ಬೇರೆ ಇದೆಯೇ! ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. "ಬೋತ್! ಎರಡೂ!" ಎಂದೆ.

"ಸುಗೋಯ್!" ಎಂದು ಮೆಚ್ಚಿ, ತಾವೇ ತಂದುಕೊಡುವುದಾಗಿ ಹೇಳಿ ಫೋನಿಟ್ಟರು.

ಊಟದ ಹೊತ್ತಿಗೆ ಕರೆಗಂಟೆ ಬಾರಿಸಿತು. ಮೋರಿತಾ ಸಾನ್ ಕೋಟು ಟೈ ತೊಟ್ಟು, ತೋಝಾಯಿ ಲೈನಿನ ರೈಲು ಹಿಡಿದು ಬಂದಿದ್ದರು. ಒಂದು ಕೈಯಲ್ಲಿ ಸಿಹಿಯ ಡಬ್ಬಿ. ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿ ಗಂಟು ಕಟ್ಟಿದ ಪೆಟ್ಟಿಗೆ. ಕೊಟ್ಟ ವಸ್ತು ತೊಂದರೆ ಕೊಟ್ಟಿತಲ್ಲ ಎಂದು ಬಾಗಿಲಲ್ಲೇ ಬಾಗಿ ಕ್ಷಮೆ ಕೇಳಿದರು. ನಾನೂ ಬಾಗಿದೆ. ಅವರು ಇನ್ನೂ ಬಾಗಿದರು. ವೇದಾ ಬಂದು ಇಬ್ಬರನ್ನೂ ಬಿಡಿಸದಿದ್ದರೆ ನಾವು ಇನ್ನೂ ಅಲ್ಲೇ ಇರುತ್ತಿದ್ದೆವು.

ನಾನು ಆತುರದಿಂದ ಗಂಟು ಬಿಚ್ಚಿ ಪೆಟ್ಟಿಗೆ ತೆರೆದೆ.

ಒಳಗೆ ಸ್ಕ್ರೂಡ್ರೈವರುಗಳು! ದಪ್ಪದ್ದು, ಸಣ್ಣದ್ದು, ಉದ್ದದ್ದು, ಗಿಡ್ಡದ್ದು. ಮದುವೆಗೆ ಹೊರಟ ದಿಬ್ಬಣದ ಹಾಗೆ ಸಾಲಾಗಿ ಮಲಗಿದ್ದವು.

"ಪುರಸು," ಎಂದು ಮೋರಿತಾ ಸಾನ್ ಪ್ಲಸ್ ಆಕಾರದ ತುದಿಯದನ್ನು ತೋರಿಸಿದರು. "ಮೈನಸು," ಎಂದು ಚಪ್ಪಟೆ ತುದಿಯದನ್ನು ತೋರಿಸಿದರು. "ಬೋತ್!" ಎಂದು ನನ್ನ ಮಾತನ್ನೇ ನನಗೆ ವಾಪಸು ಕೊಟ್ಟು ನಕ್ಕರು.

ವೇದಾ ಸೆರಗಿಲ್ಲದ ಕುರ್ತಾದಲ್ಲೂ ಬಾಯಿಗೆ ಸೆರಗು ಹುಡುಕಿದಳು. "ಅಯ್ಯೋ ರೀ, ಇಲ್ಲಿ ದೊರೈಬಾ ಅಂದ್ರೆ ಎಲ್ಲರೂ ಮೊದಲು ಸ್ಕ್ರೂಡ್ರೈವರ್ ಅಂತಾನೇ ತಿಳ್ಕೊಳ್ಳೋದು! ನನ್ನ ಒಂದು ಮಾತು ಕೇಳೋದಲ್ವಾ?"

"ನಗಬೇಡ! ಈಗ ಇವರನ್ನ ಏನ್ ಮಾಡೋದು? ಪಾಪ, ರಜಾ ದಿನ ಟೈ ಕಟ್ಕೊಂಡ್ ಬಂದಿದಾರೆ!"

"ಖಾಲಿ ಕೈಯಲ್ಲಿ ಕಳಿಸಿದ್ರೆ ಅವರಿಗೆ ಅವಮಾನ. ಸುಮ್ನಿರಿ, ನಾನ್ ನೋಡ್ಕೋತೀನಿ."

ಅವಳು ಜಪಾನೀಸಿನಲ್ಲಿ ಬಹಳ ವಿನಯದಿಂದ ಏನೋ ಹೇಳಿ ಅವರನ್ನು ಅಡುಗೆಮನೆಗೆ ಕರೆದೊಯ್ದಳು. ಅಲ್ಲಿ ಕಪಾಟಿನ ಬಾಗಿಲೊಂದು ಜೋತುಬಿದ್ದಿತ್ತು. "ಈ ಭಾನುವಾರ ಖಂಡಿತ" ಎಂದು ಹೇಳುತ್ತಾ ನಾನು ಎಷ್ಟೋ ಭಾನುವಾರಗಳನ್ನು ಕಳೆದಿದ್ದೆ. ಮೋರಿತಾ ಸಾನ್ ಕೋಟು ಕಳಚಿ, ಪುರಸು ತೆಗೆದುಕೊಂಡು, ಬಾಗಿಲನ್ನು ಹೊಸದರಂತೆ ನಿಲ್ಲಿಸಿದರು. ಕೃತಾರ್ಥರಾಗಿ ಚಿತ್ರಾನ್ನ ತಿಂದು, ಹಸಿಮೆಣಸಿನಕಾಯಿ ಸಿಕ್ಕಿ ಕಣ್ಣೀರಿಟ್ಟು, ಅದಕ್ಕೂ ಕ್ಷಮೆ ಕೇಳಿದರು. ಬಾಗಿಲು ಅಲ್ಲಾಡುವುದು ನಿಂತಿದ್ದನ್ನು ಅಮೂಲ್ಯ ತೆರೆದು ಮುಚ್ಚಿ, ತೆರೆದು ಮುಚ್ಚಿ ಪರೀಕ್ಷಿಸಿ, "ಮೋರಿತಾ ಸಾನ್ ಗುಡ್ ಡ್ರೈವರ್!" ಎಂದು ಸರ್ಟಿಫಿಕೇಟು ಕೊಟ್ಟಳು. ಅದು ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲವೆಂದು ನಾನು ತೀರ್ಮಾನಿಸಿದೆ.

ಊಟವಾದ ಮೇಲೆ ನನ್ನ ಕಂಪ್ಯೂಟರನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕೈಕಟ್ಟಿ ನೋಡಿದರು. ಬಗ್ಗಿ ಮೇಜಿನ ಕೆಳಗೂ ನೋಡಿದರು. ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದುಕೊಂಡು, ತಲೆ ಓರೆ ಮಾಡಿ, "ಕೇಬುರು ಗಾ... ಚೊಟ್ಟೊ..." ಎಂದು ನಿಲ್ಲಿಸಿದರು.

ಚೊಟ್ಟೊ ಎಂದರೆ ಸ್ವಲ್ಪ. ಕೇಬಲ್ ಸ್ವಲ್ಪ. ಸ್ವಲ್ಪ ಏನು? ಉದ್ದ ಸ್ವಲ್ಪ ಕಡಿಮೆ ಎಂದಿರಬೇಕು. "ಹಾಯ್ ಹಾಯ್, ಬಿಗ್ ಕೇಬಲ್, ಲೇಟರ್!" ಎಂದು ಅವರ ಭಾಷೆಯ ಹೌದು ಹೌದು ಸೇರಿಸಿ ಸಮಾಧಾನ ಮಾಡಿ ಮತ್ತೆ ಕಮಾಂಡುಗಳನ್ನು ಕುಟ್ಟತೊಡಗಿದೆ. ಅವರು ಇನ್ನೊಮ್ಮೆ ಬಾಗಿ ಹಿಂದೆ ಸರಿದರು.

ಅಷ್ಟರಲ್ಲಿ ವೇದಾ ತನ್ನ ಫೋನ್ ಎತ್ತಿಕೊಂಡು ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದ್ದಳು. ಆಹಾ, ಅವಳ ಜಪಾನೀಸ್! ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಹಾಗೆ ಒಂದೊಂದು ಮಾತು. ಆಚೆಯ ಹೆಣ್ಣುಮಗಳು ಏನೋ ಕೇಳಿದಳು. ವೇದಾ ಫೋನಿಗೆ ಕೈ ಅಡ್ಡ ಹಿಡಿದು, "ರೀ, ಮೊದಲು ಕೇಬಲ್ ಸರಿಯಾಗಿ ಹಾಕಿದೀರಾ ಅಂತ ನೋಡಬೇಕಂತೆ," ಎಂದಳು.

ನನಗೆ ಮೈ ಉರಿಯಿತು. "ಕೇಬಲ್ಲಾ? ನಾನೊಬ್ಬ ಇಂಜಿನಿಯರು ಅಂತ ಹೇಳು ಅವಳಿಗೆ! ಈ ಎಳೇ ಮಕ್ಕಳ ಪ್ರಶ್ನೆಯೆಲ್ಲ ಬಿಟ್ಟು ಮುಂದಕ್ಕೆ ಹೋಗು ಅನ್ನು!"

"ಆಯ್ತು ರೀ, ಹೇಳ್ತೀನಿ," ಎಂದ ವೇದಾ ಫೋನ್ ಸಮೇತ ಮೇಜಿನ ಕೆಳಗೆ ನುಗ್ಗಿದಳು. ಆಮೇಲೆ "ಓ..." ಎಂದಳು. ಮೋರಿತಾ ಸಾನ್ ಥಟ್ಟನೆ ಕಿಟಕಿಯ ಕಡೆ ತಿರುಗಿ ಆಕಾಶ ನೋಡಿದರು. ವೇದಾ ಹೊರಬಂದು ಕುರ್ತಾ ಕೊಡವಿಕೊಂಡು, ಆ ಹೆಣ್ಣುಮಗಳು ಹೇಳಿದ್ದನ್ನು ಕೇಳಿ ಕೇಳಿ ಫೋನಿನಲ್ಲೇ ರೂಟರಿಗೆ ಏನೇನೋ ತುಂಬಿಸಿದಳು. ನಾನು ಅತ್ತ ಗಮನ ಕೊಡಲಿಲ್ಲ. ನಾನು ನನ್ನ ಜೀವಮಾನದ ಅತಿ ಉದ್ದದ ಕಮಾಂಡನ್ನು ಟೈಪು ಮಾಡುತ್ತಿದ್ದೆ. ಮುಗಿಸಿ, ಕೈಯನ್ನು ತಲೆಯ ಮೇಲೆತ್ತಿ, ಎಂಟರ್ ಒತ್ತಿದೆ!

ಇಂಟರ್ನೆಟ್!

ಪರದೆಯ ತುಂಬ ಇಂಟರ್ನೆಟ್! ನಾನು ಕುರ್ಚಿಯಿಂದ ಹಾರಿದೆ. "ಗೆದ್ದೆ! ವೇದಾ, ನನ್ನ ಡ್ರೈವರ್ ಗೆದ್ದಿತು! ಯಾರು ಕಣೇ ಕೇಬಲ್ ನೋಡಿ ಅಂದಿದ್ದು?"

"ನೀವೇ ರೀ, ನೀವೇ. ಭಾರೀ ಕಮಾಂಡು," ಎಂದಳು ವೇದಾ. ಮೋರಿತಾ ಸಾನ್ ಚಪ್ಪಾಳೆ ತಟ್ಟಿದರು. ಅವರಿಬ್ಬರೂ ಪರಸ್ಪರ ಸ್ವಲ್ಪ ಬಾಗಿದ ಹಾಗೆ ಕಂಡಿತು. ಜಪಾನಿನಲ್ಲಿ ಯಾರು ಯಾರಿಗೆ ಯಾಕೆ ಬಾಗುತ್ತಾರೆಂದು ಯಾರು ಲೆಕ್ಕ ಇಡುತ್ತಾರೆ!

ಸೋಮವಾರ ನಾನು ಮನೆಯಿಂದಲೇ ಕೆಲಸ ಮಾಡುವುದಾಗಿ ತಿಳಿಸಿ, ಜಾರುಬಾಗಿಲಿನ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ವೇದಾ ರೇಷ್ಮೆ ಸೀರೆಯುಟ್ಟು ನನ್ನ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ನನ್ನ ಡ್ರೈವರ್ ಒಮ್ಮೆಯೂ ಮುಗ್ಗರಿಸಲಿಲ್ಲ. ಇಂಟರ್‌ವ್ಯೂ ಮಾಡುವವರು ಏನೋ ಕೇಳಿದರು, ಇವಳು ಹೇಳತೊಡಗಿದಳು. ನನಗೆ ತಿಳಿದದ್ದು ಬಿಡಿ ಬಿಡಿ ಪದಗಳಷ್ಟೇ. ಅವುಗಳಲ್ಲಿ ಒಂದು ಮತ್ತೆ ಮತ್ತೆ ಕೇಳಿತು: ಶುಜಿನ್. ಶುಜಿನ್ ಎಂದರೆ ಗಂಡ. ಅಕ್ಷರಶಃ ಅರ್ಥ ಯಜಮಾನ! ನಮ್ಮ ಕನ್ನಡದ ಹಾಗೆಯೇ. ಶುಜಿನ್ ಹಾಗೆ, ಶುಜಿನ್ ಹೀಗೆ, ಶುಜಿನ್ ದೊರೈಬಾ! ಆ ಕಡೆಯವರು "ಸುಗೋಯ್! ಸುಗೋಯ್!" ಎಂದು ಉದ್ಗರಿಸಿದರು. ಅದ್ಭುತ ಎಂದು! ಬಾಗಿಲಿನ ಹಿಂದೆ ನನ್ನ ಎದೆ ಎಷ್ಟು ಉಬ್ಬಿತೆಂದರೆ ಬಾಗಿಲು ತಾನಾಗಿ ಜಾರುವುದರಲ್ಲಿತ್ತು. ಕೆಲಸ ಇವಳಿಗೆ, ಹೊಗಳಿಕೆ ನನಗೆ! ಇಂಥ ಪತ್ನಿ ಯಾರಿಗುಂಟು?

ಆ ವಾರವೇ ಫಲಿತಾಂಶ ಬಂತು. ವೇದಾಳಿಗೆ ಕೆಲಸ ಸಿಕ್ಕಿತು! ಫೋನ್ ಇಟ್ಟವಳೇ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟಳು. ನಾನೂ ಅತ್ತೆ. ಅಮೂಲ್ಯ ಇಬ್ಬರಿಗೂ ಟಿಶ್ಯೂ ಹಂಚಿದಳು. ಮರುದಿನ ನಾನು ಆಫೀಸಿನಲ್ಲಿ ಸಿಹಿ ಹಂಚುತ್ತಾ, ಕಂಡವರಿಗೆಲ್ಲ ನನ್ನ ಡ್ರೈವರಿನ ಮಹಿಮೆ ಸಾರಿದೆ. ಇಂಟರ್‌ವ್ಯೂ ಪೂರ್ತಿ ನನ್ನದೇ ಗುಣಗಾನ, ಅದರಿಂದಲೇ ಕೆಲಸ ಸಿಕ್ಕಿದ್ದು ಎಂದೆ. ಮೋರಿತಾ ಸಾನ್‌ಗೂ ಹೇಳಿದೆ. ಅವರು ಸಿಹಿ ಬಾಯಿಗಿಟ್ಟುಕೊಂಡು ತಲೆ ಓರೆ ಮಾಡಿ "ಚೊಟ್ಟೊ..." ಎಂದರು. ಸಿಹಿ ಸ್ವಲ್ಪ ಜಾಸ್ತಿಯಾಯಿತೇನೋ.

ಆ ಸಂಜೆ ಊಟಕ್ಕೆ ಕುಳಿತಾಗ ಕೆಣಕಿದೆ. "ಲೇ, ಈಗಲಾದ್ರೂ ಹೇಳು. ಅಷ್ಟು ಸಲ ಶುಜಿನ್ ಶುಜಿನ್ ಅಂದೆಯಲ್ಲ, ನನ್ನ ಬಗ್ಗೆ ಏನೇನ್ ಹೊಗಳಿದೆ?"

ವೇದಾ ಮೊಸರು ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಬೇಜಾರ್ ಮಾಡ್ಕೋಬಾರ್ದು."

"ಹೊಗಳಿದ್ರೆ ಯಾರಾದ್ರೂ ಬೇಜಾರ್ ಮಾಡ್ಕೋತಾರಾ?"

"ತುಂಬಾ ಕಷ್ಟದ ಕಸ್ಟಮರ್‌ನ ನಿಭಾಯಿಸಿದ ಅನುಭವ ಇದೆಯಾ ಅಂತ ಕೇಳಿದ್ರು. ಇದೆ ಅಂದೆ. ಒಬ್ಬರು ಒಂದೇ ಕೇಬಲ್ಲಿನ ಎರಡೂ ತುದೀನ ರೂಟರಿಗೇ ಚುಚ್ಚಿ, ಇಡೀ ಮನೆ ಇಂಟರ್ನೆಟ್ ಕೆಡಿಸಿ, ಸ್ಕ್ರೀನ್ ಮೇಲೆ ಸಿಗ್ನಲ್ ಇಲ್ಲ ಅಂತ ಬಂದ್ರೂ ಕಂಪ್ಯೂಟರ್ ಸುಳ್ಳು ಹೇಳತ್ತೆ ಅಂತ ವಾದ ಮಾಡಿದ್ರು ಅಂದೆ."

ನನ್ನ ಬಾಯಿಗೆ ಹೋಗುತ್ತಿದ್ದ ತುತ್ತು ದಾರಿಯಲ್ಲೇ ನಿಂತಿತು. ಎರಡೂ ತುದಿ! ರೂಟರಿಗೇ!

"ಅವರು ತುಂಬಾ ದೊಡ್ಡ ಇಂಜಿನಿಯರ್ರು, ಮನಸ್ಸು ನೋಯಬಾರ್ದು ಅಂತ ನಾನು ಸದ್ದಿಲ್ದೆ ಕೇಬಲ್ ಬದಲಾಯಿಸಿ, ಅವರ ಕಮಾಂಡಿಂದಾನೇ ಸರಿಹೋಯ್ತು ಅಂತ ಅವರನ್ನ ನಂಬಿಸ್ದೆ ಅಂದೆ. ಆ ಕಸ್ಟಮರ್ ಯಾರು ಅಂದ್ರು. ನಮ್ಮ ಯಜಮಾನ್ರು ಅಂದೆ."

"ಮತ್ತೆ ಸುಗೋಯ್, ಸುಗೋಯ್ ಅಂದಿದ್ದು?"

"ನನಗೆ ರೀ."

ನಾನು ತುತ್ತನ್ನು ತಟ್ಟೆಗೆ ವಾಪಸು ಇಳಿಸಿದೆ. ಏನಾದರೂ ಮಾತಾಡಿ ಮಾನ ಉಳಿಸಿಕೊಳ್ಳಬೇಕಿತ್ತು. "ಅದಿರಲಿ, ನಿನ್ನ ಗ್ಯಾಪ್ ವಿಚಾರ? ಎಲ್ಲಾ ಕಡೆ ಅದೇ ತಾನೇ ತಕರಾರು. ಇವರು ಕೇಳಲಿಲ್ವಾ?"

"ಕೇಳಿದ್ರು. ಇಷ್ಟು ವರ್ಷ ಮನೇಲೇ ಇದ್ದೆ, ಇದೇ ಯಜಮಾನರ ಜೊತೆ ಅಂದೆ," ಎಂದ ವೇದಾ ನನ್ನ ತಟ್ಟೆಗೆ ಮೊಸರು ಸುರಿದಳು. "ಹಾಗಾದ್ರೆ ಅದನ್ನ ಗ್ಯಾಪ್ ಅಂತ ಬರ್ಕೊಳ್ಳೋಕಾಗಲ್ಲ, ಸರ್ವಿಸ್ ಅಂತಾನೇ ಬರ್ಕೋತೀವಿ ಅಂದ್ರು!"